ಕಿಟ್ ಗಿಟಾರ್: ತೂತು ಕೊರೆಯುವ ಮೊದಲು, ತಂತಿ ಬಿಗಿದ ಮೇಲೆ

ಬಿಡಿ ಭಾಗಗಳ ಕಿಟ್ ತರಿಸಿ ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಜೋಡಿಸುವ ಓದುಗರ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಕಿಟ್ ತರಿಸಿದ್ದೇನೆ. ಬಾಡಿ, ನೆಕ್ (ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ ಕತ್ತು), ಮೂರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಕೂರಿಸಿದ ಪಿಕ್‌ಗಾರ್ಡ್ ಹಲಗೆ, ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ), ಟ್ಯೂನರ್‌ಗಳು, ಒಂದು ಪೊಟ್ಟಣ ಸ್ಕ್ರೂ ಬಂದಿವೆ. ಜೊತೆಗಿರುವ ಹಾಳೆಯಲ್ಲಿ ನಾಲ್ಕು ಚಿತ್ರ ಬಿಟ್ಟರೆ ಏನೂ ಇಲ್ಲ. ಮೊದಲು ಬಣ್ಣ ಹೊಡೆಯಬೇಕೇ, ಜೋಡಿಸಬೇಕೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ

ಉತ್ತರ: ಮೊದಲು ಪೂರ್ತಿ ಜೋಡಿಸಿ, ಎರಡು ಇ ತಂತಿಗಳನ್ನಾದರೂ (ಎಲ್ಲಕ್ಕಿಂತ ದಪ್ಪದ್ದು ಮತ್ತು ಸಣ್ಣದು) ಬಿಗಿದು ನೋಡಿ, ಬಿಚ್ಚಿ, ಆಮೇಲೆ ಬಣ್ಣ. ತೂತುಗಳನ್ನೆಲ್ಲ ಬಣ್ಣಕ್ಕೆ ಮುಂಚೆಯೇ ಕೊರೆದಿರಬೇಕು. ಬಣ್ಣವಾದ ಮೇಲೆ ಕೊರೆದರೆ ಅಂಚಿನಲ್ಲಿ ಪದರ ಏಳುತ್ತದೆ. ಅದಕ್ಕಿಂತ ದೊಡ್ಡ ಕಾರಣವೂ ಇದೆ: ವೈರಿಂಗ್ ತಪ್ಪಿದರೆ ಬಿಚ್ಚಿ ಮತ್ತೆ ಬೆಸೆಯಬಹುದು, ಕೊರೆದ ಮರವನ್ನು ಮೊದಲಿನಂತೆ ಮಾಡಲಾಗುವುದಿಲ್ಲ. ಕಿಟ್ ಕೆಲಸದಲ್ಲಿ ಅಳೆಯುವುದಕ್ಕೆ ಕೊರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಲೇಬೇಕು.

ಅಳತೆಯನ್ನು ನಟ್‌ನಿಂದ, ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿಯಿಂದ, ಶುರುಮಾಡಿ. ನಟ್‌ನ ಫ್ರೆಟ್ ಕಡೆಯ ಅಂಚಿನಿಂದ 12ನೇ ಫ್ರೆಟ್‌ನ ನಡುಮಧ್ಯಕ್ಕೆ ಸ್ಟೀಲ್ ಸ್ಕೇಲ್ ಇಡಿ. ಸ್ಟ್ರಾಟ್ ಮಾದರಿಯಲ್ಲಿ 324 ಮಿ.ಮೀ. ಬರಬೇಕು, ಅದರ ಎರಡರಷ್ಟು, ಅಂದರೆ 648 ಮಿ.ಮೀ. (25.5 ಇಂಚು), ಆ ಗಿಟಾರಿನ ಸ್ಕೇಲ್ ಉದ್ದ, ಅಂದರೆ ಮೀಟುವ ತಂತಿಯ ಲೆಕ್ಕದ ಉದ್ದ. ಲೆಸ್ ಪಾಲ್ ಮಾದರಿಯ ಕಿಟ್ ಆದರೆ ಇದು ಸುಮಾರು 314 ಮತ್ತು 628. ನೆಕ್ಕನ್ನು ಬಾಡಿಯ ಗುಂಡಿಯಲ್ಲಿ ಕೂರಿಸಿ, ಬ್ರಿಜ್ಜನ್ನು ಅದರ ಜಾಗದಲ್ಲಿಟ್ಟು, ನಟ್‌ನಿಂದ ಸಣ್ಣ ಇ ತಂತಿಯ ಸ್ಯಾಡಲ್‌ವರೆಗೆ (ಬ್ರಿಜ್ ಮೇಲೆ ಆ ತಂತಿ ಕೂರುವ ಪುಟ್ಟ ಆಧಾರ) ಅಳೆಯಿರಿ. ಸ್ಯಾಡಲ್ಲನ್ನು ಬಹುತೇಕ ಪೂರ್ತಿ ಮುಂದಕ್ಕೆ ತಂದು 2–3 ಮಿ.ಮೀ. ಮಾತ್ರ ಉಳಿಸಿದಾಗ 648 ಸಿಗಬೇಕು. ಶ್ರುತಿ ಸರಿಪಡಿಸುವಾಗ ಸ್ಯಾಡಲ್‌ಗಳು ಈ ಗೆರೆಯಿಂದ ಹಿಂದಕ್ಕೇ ಹೋಗುತ್ತವೆ, ದಪ್ಪ ತಂತಿಯದು ಎಲ್ಲಕ್ಕಿಂತ ಹಿಂದೆ. ಹಿಂದಕ್ಕೆ ಜಾಗವಿಲ್ಲದಂತೆ ಬ್ರಿಜ್ ಕೂರಿಸಿದರೆ ಆ ಗಿಟಾರ್ ಎಂದೂ ಶ್ರುತಿಗೆ ಬರುವುದಿಲ್ಲ.

ಇನ್ನು ನೆಕ್‌ನ ನೇರ. ನಟ್‌ನ ಎರಡು ಕೊನೆಯ ಗೀರುಗಳಿಂದ ಬ್ರಿಜ್‌ನ ಎರಡು ಕೊನೆಯ ಸ್ಯಾಡಲ್‌ಗಳಿಗೆ ಹೊಲಿಗೆ ದಾರ ಎಳೆದು ಕಟ್ಟಿ. ದಾರಗಳಿಗೂ ಫ್ರೆಟ್‌ಬೋರ್ಡ್ ಅಂಚಿಗೂ ನಡುವಿನ ಜಾಗ ಎರಡೂ ಕಡೆ ಸಮವಾಗಿರಬೇಕು. ಅಗ್ಗದ ಕಿಟ್‌ಗಳಲ್ಲಿ ನೆಕ್ ಗುಂಡಿ ಒಂದು ಮಿಲಿಮೀಟರಿನಷ್ಟು ಸಡಿಲವಿರುವುದು ಸಾಮಾನ್ಯ. ಹಾಗಿದ್ದರೆ ನೆಕ್ಕನ್ನು ಸರಿಯಾದ ಕೋನಕ್ಕೆ ಹೊರಳಿಸಿ, ಕ್ಲ್ಯಾಂಪ್ ಹಾಕಿ ಹಿಡಿದು, ಬಾಡಿಯ ತೂತುಗಳ ಮೂಲಕವೇ ನೆಕ್ ಮೇಲೆ ಗುರುತು ಮಾಡಿಕೊಳ್ಳಿ. ಇದನ್ನು ಬಿಟ್ಟು ಮುಂದೆ ಹೋದವರ ಗಿಟಾರಿನಲ್ಲಿ ಸಣ್ಣ ಇ ತಂತಿ ಬಾಡಿ ಕಡೆಯ ಮೇಲಿನ ಫ್ರೆಟ್‌ಗಳಲ್ಲಿ ಬೋರ್ಡ್ ಅಂಚಿನಿಂದ ಜಾರಿ ಬೀಳುತ್ತದೆ.

ನೆಕ್ ಸ್ಕ್ರೂ ಸಾಮಾನ್ಯವಾಗಿ 4.2 ಮಿ.ಮೀ. ದಪ್ಪ, 45 ಮಿ.ಮೀ. ಉದ್ದ ಇರುತ್ತದೆ. ಬಾಡಿಯ ತೂತು 4.5 ಮಿ.ಮೀ. ಇರಲಿ, ಸ್ಕ್ರೂ ಅದರಲ್ಲಿ ಸಲೀಸಾಗಿ ಜಾರಬೇಕು. ಮೇಪಲ್ ನೆಕ್‌ನ ತೂತಿಗೆ 3.2 ಮಿ.ಮೀ. ಬಿಟ್ ಸಾಕು. ಬಾಡಿಯಲ್ಲೂ ಸ್ಕ್ರೂವಿನ ಮರೆ (ಸುರುಳಿ ಗೀರು) ಕಚ್ಚಿಕೊಂಡರೆ ಎಷ್ಟು ಬಿಗಿದರೂ ನೆಕ್ ಬುಡಕ್ಕೂ ಗುಂಡಿಗೂ ನಡುವೆ ಸಂದು ಉಳಿಯುತ್ತದೆ. ನೆಕ್‌ನ ಬುಡ ಸುಮಾರು 25 ಮಿ.ಮೀ. ದಪ್ಪ, ಸ್ಕ್ರೂ ಅದರೊಳಗೆ 15 ಮಿ.ಮೀ. ಹೋಗುತ್ತದೆ. ನಿಮ್ಮ ಕಿಟ್‌ನಲ್ಲಿ ಇವನ್ನು ಅಳೆದು, ಸ್ಕ್ರೂ ಹೋಗುವುದಕ್ಕಿಂತ 2 ಮಿ.ಮೀ. ಹೆಚ್ಚಿನ ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ, ಟೇಪ್ ಮರ ಮುಟ್ಟಿದ ಕೂಡಲೇ ನಿಲ್ಲಿಸಿ. ಆಳ ಮೀರಿದರೆ ಬಿಟ್ ಫ್ರೆಟ್‌ಬೋರ್ಡ್‌ನಿಂದ ಹೊರಗೆ ಬರುತ್ತದೆ. ಸ್ಕ್ರೂವಿನ ಮರೆಗೆ ಮೇಣದ ಬತ್ತಿ ಉಜ್ಜಿ. ಟ್ಯೂನರ್‌ಗಳ ಪುಟ್ಟ ಸ್ಕ್ರೂಗಳಿಗೆ ಮೇಣ ಇನ್ನೂ ಮುಖ್ಯ. ಅವು ಮೆತ್ತನೆಯ ಕಬ್ಬಿಣ, 1.5 ಮಿ.ಮೀ. ತೂತು ಕೊರೆಯದೆ ತಿರುಗಿಸಿದರೆ ತಲೆ ಮುರಿದು ಮೈ ಮರದೊಳಗೇ ಉಳಿಯುತ್ತದೆ.

ಪ್ರಶ್ನೆ: ಜುಲೈನಲ್ಲಿ ಬಣ್ಣ ಹೊಡೆಯಬಹುದೇ? ಪರಿಚಯದ ಬಡಗಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಸಾಕು ಎನ್ನುತ್ತಾರೆ.
– ಗೃಹಿಣಿ, ರಾಜಾಜಿನಗರ

ಉತ್ತರ: ಲ್ಯಾಕರ್ ಒಳ್ಳೆಯದೇ, ಆದರೆ ಜಿಟಿಜಿಟಿ ಮಳೆಯ ದಿನ ಬೇಡ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ಪದರ ಹಾಲು ಚೆಲ್ಲಿದಂತೆ ಬೆಳ್ಳಗಾಗುವುದು ಇದರಿಂದಲೇ. ಎರಡು ಮೂರು ದಿನ ಬಿಸಿಲು ಬಿದ್ದು ಗಾಳಿ ಒಣಗಿದಾಗ ಮಧ್ಯಾಹ್ನದ ಹೊತ್ತು ಹೊಡೆಯಿರಿ. ಕಾಯಲು ಮನಸ್ಸಿದ್ದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೆಂಗಳೂರಿನ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಬಾಡಿಯನ್ನು 180, 240, 320 ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೇ ಉಜ್ಜಿ. ಕೆಲವು ಕಿಟ್‌ಗಳಲ್ಲಿ ಕಾರ್ಖಾನೆಯವರೇ ಸೀಲರ್ ಬಳಿದಿರುತ್ತಾರೆ. ಅದರ ಮೇಲೆ ಮರದ ಸ್ಟೇನ್ ಹಿಡಿಯುವುದಿಲ್ಲ, ತೇಪೆ ತೇಪೆಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ: ನೀರು ಇಂಗದೆ ಮಣಿಯಾಗಿ ನಿಂತರೆ ಸೀಲರ್ ಇದೆ ಎಂದರ್ಥ. ಪೂರ್ತಿ ಉಜ್ಜಿ ತೆಗೆಯಿರಿ, ಇಲ್ಲವೇ ಸ್ಟೇನ್ ಬಿಟ್ಟು ಮರ ಮುಚ್ಚುವ ಬಣ್ಣ ಆರಿಸಿಕೊಳ್ಳಿ. ನೆಕ್ ಗುಂಡಿಯ ಒಳಗೆ ಮಾತ್ರ ಮಾಸ್ಕಿಂಗ್ ಟೇಪ್ ಹಾಕಿ. ಅಲ್ಲಿ ನಾಲ್ಕೈದು ಪದರ ಬಣ್ಣ ಕೂತರೆ ನೆಕ್ ಗುಂಡಿಗೆ ಇಳಿಯುವುದೇ ಇಲ್ಲ, ಬಲವಂತ ಮಾಡಿದರೆ ಗುಂಡಿಯ ಮೂಲೆಯಿಂದ ಬಣ್ಣ ಸೀಳುತ್ತದೆ.

ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಿಯು (ಪಾಲಿಯುರಿಥೇನ್) ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಹಾರ್ಡನರ್‌ನಲ್ಲಿರುವ ಐಸೊಸೈಯನೇಟ್ ಉಸಿರಾಟಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸ್ಪ್ರೇ ಬೂತ್ ಇರುವ ಪೀಠೋಪಕರಣ ಪಾಲಿಶ್‌ನವರಿಗೋ ಕಾರು ಪೇಂಟಿಂಗ್‌ನವರಿಗೋ ಕೊಡಿ. ತೂತುಗಳೆಲ್ಲ ಮೊದಲೇ ಕೊರೆದಿದ್ದರೆ ಅವರಿಗೂ ಕೆಲಸ ಸುಲಭ.

ಪ್ರಶ್ನೆ: ಜೋಡಿಸಿ ಆಂಪ್‌ಗೆ (ಆಂಪ್ಲಿಫೈಯರ್) ಹಾಕಿದರೆ ಜೋರಾಗಿ ಗುಂಯ್ ಎನ್ನುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ. ಅರ್ತ್ ತಪ್ಪಿದೆಯೇ? ಪಾಟ್‌ಗಳ (ವಾಲ್ಯೂಮ್, ಟೋನ್ ಹೆಚ್ಚುಕಡಿಮೆ ಮಾಡುವ ಭಾಗ) ಬೆನ್ನಿಗೆ ಬೆಸುಗೆಯೂ ಸರಿಯಾಗಿ ಹಿಡಿಯುತ್ತಿಲ್ಲ.
– ಖಾಸಗಿ ಕಂಪನಿ ಉದ್ಯೋಗಿ, ಯಲಹಂಕ

ಉತ್ತರ: ಮುಟ್ಟಿದಾಗ ಕಡಿಮೆಯಾದರೆ ಬ್ರಿಜ್‌ಗೆ ಬರುವ ಅರ್ತ್ ವೈರ್ ಸರಿಯಿದೆ. ಮುಟ್ಟಿದಾಗ ಹೆಚ್ಚಾಗಿ, ಜ್ಯಾಕ್‌ನ ಲೋಹ ಮುಟ್ಟಿದಾಗ ಕಡಿಮೆಯಾದರೆ ಆ ವೈರ್ ಕೂಡಿಲ್ಲ. ಜ್ಯಾಕ್‌ನ ಲೋಹ ಮುಟ್ಟಿದಾಗಲೂ ಸದ್ದು ಏರಿದರೆ ಜ್ಯಾಕ್‌ನ ಎರಡು ವೈರ್‌ಗಳು ಅದಲುಬದಲಾಗಿವೆ. ಈ ಮೂರನ್ನು ಮುಟ್ಟಿ ನೋಡುವ ಮುನ್ನ ಮನೆಯ ಸಾಕೆಟ್ಟನ್ನು ಪರೀಕ್ಷಿಸಿಕೊಳ್ಳಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರುತ್ತವೆ. ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ವೈರೇ ಇರದ ಉದಾಹರಣೆಗಳು ಬೇಕಾದಷ್ಟಿವೆ. ಮಲ್ಟಿಮೀಟರನ್ನು ಎಸಿ ವೋಲ್ಟೇಜ್‌ಗಿಟ್ಟು ಅಳೆದರೆ ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಅರ್ಧಕ್ಕರ್ಧ ಕಡಿಮೆ ಬಂದರೆ ಅರ್ತ್ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವ ತನಕ ಅಲ್ಲಿ ನುಡಿಸಬೇಡಿ. ಸಾಕೆಟ್‌ನಲ್ಲಿ ಅಳೆದು ಅಭ್ಯಾಸವಿಲ್ಲದಿದ್ದರೆ ಇದನ್ನೂ ಅವರಿಂದಲೇ ಮಾಡಿಸಿ.

ನಿಮಗೆ ಬೇಕಾದ್ದು ಶೀಲ್ಡಿಂಗ್, ಅಂದರೆ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತಾಮ್ರದ ಫಾಯಿಲ್ ಟೇಪ್ ಸಿಗುತ್ತದೆ. ಪಿಕಪ್ ಗುಂಡಿಗಳ ತಳ, ಗೋಡೆ, ಪಿಕ್‌ಗಾರ್ಡ್‌ನ ಹಿಂಬದಿಗೆ ಹಚ್ಚಿ. ಗೋಡೆಯ ಟೇಪ್ ಮೇಲಂಚಿನಿಂದ ಒಂದಿಷ್ಟು ಹೊರಗೆ ಮಡಚಿಕೊಂಡಿರಲಿ, ಪಿಕ್‌ಗಾರ್ಡ್ ಕೂತಾಗ ಅದರ ಟೇಪ್ ಇದಕ್ಕೆ ತಗುಲಬೇಕು. ಎಲ್ಲ ಟೇಪ್‌ಗಳ ಅಂಟು ವಿದ್ಯುತ್ ಹಾಯಿಸುವುದಿಲ್ಲ. ಒಂದು ತುಂಡು ಇನ್ನೊಂದರ ಮೇಲೆ ಬರುವ ಕಡೆ ಒಂದು ಚುಕ್ಕಿ ಬೆಸುಗೆ ಹಾಕಿ, ಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ಬರುವುದನ್ನು ಖಚಿತಪಡಿಸಿಕೊಂಡು, ಕೊನೆಗೆ ಪಾಟ್ ಬೆನ್ನಿನ ಅರ್ತ್‌ಗೆ ಒಂದು ವೈರ್ ಕೊಡಿ. ಶೀಲ್ಡಿಂಗ್ ಮಾಡಿದ ಮೇಲೆ ಗಿಟಾರ್ ಪೂರ್ತಿ ಮೂಕವಾದರೆ ಗಾಬರಿ ಬೇಡ: ಸ್ವಿಚ್ಚಿನ ಅಥವಾ ಜ್ಯಾಕ್‌ನ ಬಿಸಿ (ಸಿಗ್ನಲ್) ಕಾಲು ಫಾಯಿಲ್‌ಗೆ ತಗುಲಿದೆ. ಆ ಜಾಗಕ್ಕೆ ಇನ್ಸುಲೇಷನ್ ಟೇಪ್ ಹಚ್ಚಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರದಿಂದ ಹಿಡಿಯುವ 50 ಹರ್ಟ್ಸ್ ಗುಂಯ್ ಮಾತ್ರ ತಾಮ್ರದಿಂದ ಹೋಗುವುದಿಲ್ಲ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾದರೆ ಸ್ವಿಚ್ಚಿನ 2 ಮತ್ತು 4ನೇ ಸ್ಥಾನಗಳಲ್ಲಿ (ಎರಡು ಪಿಕಪ್ ಒಟ್ಟಿಗಿರುವಲ್ಲಿ) ಅದೂ ಅಡಗುತ್ತದೆ.

ಪಾಟ್ ಬೆನ್ನಿಗೆ 25 ವಾಟ್ ಐರನ್ ಸಾಲದು. ಆ ಲೋಹದ ಡಬ್ಬಿ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಬೆಸುಗೆ ಬೂದು ಬಣ್ಣದ ಉಂಡೆಯಾಗಿ ನಿಂತು, ಎಳೆದರೆ ಕೈಗೆ ಬರುತ್ತದೆ. 60 ವಾಟ್ ಐರನ್, ಚಪ್ಪಟೆ ತುದಿ, 60/40 ಸೀಸ (ಬೆಸುಗೆಯ ತಂತಿ) ತಗೊಳ್ಳಿ. ಬೆನ್ನನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಅಲ್ಲಿಗೊಮ್ಮೆ, ವೈರಿನ ತುದಿಗೊಮ್ಮೆ ಸೀಸ ಹಿಡಿಸಿ, ಆಮೇಲೆ ಎರಡನ್ನೂ ಸೇರಿಸಿ ಮೂರು ನಾಲ್ಕು ಸೆಕೆಂಡ್ ಕಾಯಿಸಿ. ಸೀಸ ಹರಡಿ ತೆಳ್ಳಗೆ ಹೊಳೆಯಬೇಕು. ಕಡಿಮೆ ವಾಟ್ ಐರನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದರಿಂದ ಪಾಟ್‌ನೊಳಗಿನ ಇಂಗಾಲದ ಪಟ್ಟಿ ಸುಡುತ್ತದೆ.

ಪಿಕ್‌ಗಾರ್ಡ್ ಮುಚ್ಚುವ ಮೊದಲು ಜ್ಯಾಕ್‌ಗೆ ಕೇಬಲ್ ಹಾಕಿ, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. ವಾಲ್ಯೂಮ್ ಪೂರ್ತಿಯಿದ್ದಾಗ ಒಂದೊಂದು ಸಿಂಗಲ್ ಕಾಯಿಲ್‌ಗೂ 5ರಿಂದ 7 ಕಿಲೋ ಓಮ್, ಎರಡು ಪಿಕಪ್ ಒಟ್ಟಿಗಿರುವ ಸ್ಥಾನದಲ್ಲಿ ಅದರ ಅರ್ಧದಷ್ಟು, ವಾಲ್ಯೂಮ್ ಸೊನ್ನೆಯಲ್ಲಿ ಸೊನ್ನೆ ಬರಬೇಕು. ಯಾವ ಸ್ಥಾನದಲ್ಲಿ ಅಂಕಿ ತಪ್ಪುತ್ತದೋ ಆ ವೈರನ್ನಷ್ಟೇ ನೋಡಿದರೆ ಸಾಕು.

ಪ್ರಶ್ನೆ: ಕಿಟ್‌ನ ಪಾಟ್‌ಗಳ ಬದಲಿಗೆ ಒಳ್ಳೆಯವು ಹಾಕಬೇಕೆಂದಿದ್ದೇನೆ. ಏನು ಕೇಳಬೇಕು?
– ಪಿಯುಸಿ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಸಿಂಗಲ್ ಕಾಯಿಲ್‌ಗೆ 250ಕೆ (ಕಿಲೋ ಓಮ್), ಹಂಬಕರ್‌ಗೆ (ಎರಡು ಸುರುಳಿಯ ಪಿಕಪ್) 500ಕೆ. ವಾಲ್ಯೂಮ್‌ಗೆ ಎ ಅಕ್ಷರವಿರುವ ಆಡಿಯೊ ಟೇಪರ್ ಕೇಳಿ. ಬಿ ಎಂದಿರುವುದು ಲೀನಿಯರ್, ಅದರಲ್ಲಿ ಸದ್ದು ಬಹಳ ಹೊತ್ತು ಹಾಗೇ ಇದ್ದು ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ಟೋನ್ ಕೆಪಾಸಿಟರ್ ಮೇಲೆ 223 ಎಂದಿದ್ದರೆ 0.022, 473 ಎಂದಿದ್ದರೆ 0.047 ಮೈಕ್ರೋಫ್ಯಾರಡ್. ಕೊಳ್ಳುವ ಮುನ್ನ ಪಿಕ್‌ಗಾರ್ಡ್‌ನ ತೂತು ಅಳೆದುಕೊಳ್ಳಿ. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಚಿಕ್ಕ ಪಾಟ್ ಇರುತ್ತದೆ, ದೊಡ್ಡದಕ್ಕೆ 9.5 ಮಿ.ಮೀ. ತೂತು ಬೇಕು.

ಪ್ರಶ್ನೆ: ಎಲ್ಲ ಜೋಡಿಸಿಯಾಯಿತು. ಕೆಳಗಿನ (ನಟ್ ಕಡೆಯ) ಫ್ರೆಟ್‌ಗಳಲ್ಲಿ ತಂತಿ ಝರ್ ಎನ್ನುತ್ತದೆ, ಮೇಲೆ ಹೋದರೆ ತಂತಿ ತುಂಬ ಎತ್ತರ. ಸ್ಯಾಡಲ್ ಏರಿಸಿದರೆ ಒಂದು ಕೆಡುತ್ತದೆ, ಇಳಿಸಿದರೆ ಇನ್ನೊಂದು.
– ಬ್ಯಾಂಕ್ ಉದ್ಯೋಗಿ, ಬಸವನಗುಡಿ

ಉತ್ತರ: ಸ್ಯಾಡಲ್ ಮುಟ್ಟುವುದು ಮೂರನೇ ಹಂತ. ಮೊದಲು ನೆಕ್‌ನ ಬಾಗು, ಆಮೇಲೆ ನಟ್, ನಂತರ ಸ್ಯಾಡಲ್ ಎತ್ತರ, ಪಿಕಪ್ ಎತ್ತರ, ಕೊನೆಗೆ ಇಂಟೋನೇಷನ್ (ಒತ್ತಿದ ಸ್ವರಗಳೂ ಶ್ರುತಿಗೆ ಕೂಡುವಂತೆ ಸ್ಯಾಡಲ್ ಸರಿಸುವುದು). ಹಿಂದಿನ ಹಂತ ಬದಲಾದರೆ ಮುಂದಿನವೆಲ್ಲ ಬದಲಾಗುತ್ತವೆ, ಅದಕ್ಕೇ ಈ ಕ್ರಮ. ಹೊಸ ತಂತಿ ಹಾಕಿ, ನೀವು ನುಡಿಸುವ ಶ್ರುತಿಗೇ ತಂದು ಶುರುಮಾಡಿ.

ಬಾಗು ಅಳೆಯಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಬೇಕು, ಜೆ.ಸಿ. ರಸ್ತೆಯಲ್ಲಿ ವಾಹನದ ಬಿಡಿಭಾಗ ಮಾರುವವರಲ್ಲಿ ಸಿಗುವಂಥದ್ದೇ ಸಾಕು. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ನೆಕ್ ಬಾಡಿಗೆ ಸೇರುವ ಕಡೆ ಒತ್ತಿ ಹಿಡಿಯಿರಿ. 7–8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.25 ಮಿ.ಮೀ. ಪಟ್ಟಿ ತಂತಿಯನ್ನು ಎತ್ತದೆ ಜಾರಬೇಕು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ ಒಳಗಿನ ಲೋಹದ ಸರಳು) ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಮರ ನಿಧಾನವಾಗಿ ಹೊಂದಿಕೊಳ್ಳುವುದರಿಂದ ಮರುದಿನ ಇನ್ನೊಮ್ಮೆ ನೋಡಿ. ಅಲೆನ್ ಕೀ ಸರಿಯಾಗಿ ಕೂರದಿದ್ದರೆ ತಿರುಗಿಸಲೇಬೇಡಿ. ರಾಡ್‌ನ ತಿರುಪು ನಟ್ಟಿನ ಮೂಲೆಗಳು ಸವೆದುಹೋದರೆ ಆ ನೆಕ್ ಉಳಿಸುವುದು ಕಷ್ಟ. ನಿಮ್ಮ ಲಕ್ಷಣ ನೋಡಿದರೆ, ಕೆಳಗಿನ ಫ್ರೆಟ್‌ಗಳಲ್ಲಷ್ಟೇ ಝರ್ ಎನ್ನುವುದರಿಂದ, ನೆಕ್ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಹೆಚ್ಚಾಗಿ ರಾಡ್ ಎಡಕ್ಕೆ ಹೋಗಬೇಕಾಗುತ್ತದೆ.

ನಟ್ ಪರೀಕ್ಷೆಗೆ 2 ಮತ್ತು 3ನೇ ಫ್ರೆಟ್ ನಡುವೆ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ಬೆರಳಿನಿಂದ ತಟ್ಟಿ. ಕೂದಲೆಳೆಯಷ್ಟು ಸಂದು ಇದ್ದು ಟಿಕ್ ಎಂದರೆ ಸರಿ. ಸಂದು ಜಾಸ್ತಿಯಿದ್ದರೆ ಎಫ್ ಕಾರ್ಡ್ ಹಿಡಿಯುವುದೇ ಕಷ್ಟ, ಹಿಡಿದರೂ ಶ್ರುತಿ ಏರಿರುತ್ತದೆ. ಆ ಗೀರನ್ನು ತಂತಿಯ ದಪ್ಪಕ್ಕೆ ಹೊಂದುವ ನಟ್ ಫೈಲ್‌ನಿಂದ, ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ, ಎರಡು ಎಳೆತಕ್ಕೊಮ್ಮೆ ಪರೀಕ್ಷಿಸುತ್ತ ಇಳಿಸಿ. ಆಳ ಮೀರಿದರೆ ಬರಿ ತಂತಿಯೇ ಝರ್ ಎನ್ನುತ್ತದೆ. ಆಗ ಗೀರಿನಲ್ಲಿ ಅಡುಗೆ ಸೋಡಾ ತುಂಬಿ ಸೂಪರ್‌ಗ್ಲೂ ಒಂದು ಹನಿ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮತ್ತೆ ಗೀರು ಹಾಕಬಹುದು.

ಈಗ ಸ್ಯಾಡಲ್. 12ನೇ ಫ್ರೆಟ್ ಮೇಲೆ ದಪ್ಪ ಇ 2 ಮಿ.ಮೀ., ಸಣ್ಣ ಇ 1.6 ಮಿ.ಮೀ. ಇಟ್ಟು ಎಲ್ಲ ಫ್ರೆಟ್ ನುಡಿಸಿ ನೋಡಿ. ಒಂದೇ ಒಂದು ಜಾಗದಲ್ಲಿ ಸತ್ತ ಸ್ವರ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಮೂರು ಫ್ರೆಟ್ ಮೇಲೆ ಕೂರುವಷ್ಟು ಉದ್ದದ ನೇರ ಸ್ಟೀಲ್ ಪಟ್ಟಿ ಇಟ್ಟರೆ ನಡುವಿನದು ಏತದಂತೆ ಆಡುವುದು ಕೈಗೇ ತಿಳಿಯುತ್ತದೆ. ಫ್ರೆಟ್ ಸಡಿಲವಾಗಿ ಎದ್ದಿದ್ದರೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಕೂರಿಸಿ. ಕೂತೇ ಎತ್ತರವಿದ್ದರೆ ಮಾರ್ಕರ್ ಬಳಿದು, ಶಾಯಿ ಅಳಿಯುವಷ್ಟೇ ಉಜ್ಜಿ, ತಲೆಯನ್ನು ಮತ್ತೆ ಗುಂಡಗೆ ಮಾಡಬೇಕು. ಹಲವು ಫ್ರೆಟ್‌ಗಳು ಹೀಗಿದ್ದರೆ ಗಿಟಾರ್ ರಿಪೇರಿಯವರಿಂದ ಫ್ರೆಟ್ ಲೆವೆಲಿಂಗ್ ಮಾಡಿಸಿ. ಕಿಟ್ ಗಿಟಾರಿಗೆ ಹೊರಗಿನಿಂದ ಹಣ ಕೊಟ್ಟು ಮಾಡಿಸಲೇಬೇಕಾದ ಕೆಲಸ ಒಂದಿದ್ದರೆ ಅದು ಇದೇ. ಪಿಕಪ್ ಬದಲಾಯಿಸುವ ಹಣವನ್ನು ಇಲ್ಲಿಗೆ ಹಾಕಿ.

ಪಿಕಪ್ ಎತ್ತರವನ್ನು ಕೊನೆಯ ಫ್ರೆಟ್ ಒತ್ತಿ ನೋಡಬೇಕು: ದಪ್ಪ ತಂತಿಯ ಕಡೆ 2.4, ಸಣ್ಣದರ ಕಡೆ 2 ಮಿ.ಮೀ. ಹತ್ತಿರ ತಂದರೆ ಸದ್ದು ಹೆಚ್ಚುತ್ತದೆ ನಿಜ, ಆದರೆ ಅಯಸ್ಕಾಂತ ತಂತಿಯನ್ನು ಎಳೆದು ಮೇಲಿನ ಸ್ವರಗಳು ಅಲುಗಾಡುವಂತೆ ಕೇಳುತ್ತವೆ, ಇಂಟೋನೇಷನ್ ಕೂಡುವುದೇ ಇಲ್ಲ. ಕೊನೆಗೆ ಗಿಟಾರನ್ನು ನುಡಿಸುವ ಭಂಗಿಯಲ್ಲೇ ಹಿಡಿದು, 12ನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿ ಒತ್ತದೆ, ಬೆರಳು ತಾಗಿಸಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸರಿಸುವ ಮುನ್ನ ತಂತಿ ಸಡಿಲಿಸಿ.

ಪ್ರಶ್ನೆ: ಕಿಟ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತೇನೆ. ಗಮಕಕ್ಕೆ ತಂತಿ ಎಳೆದರೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಸಾಯುತ್ತದೆ, ಮೀಟಿ ಬಿಟ್ಟ ಷಡ್ಜ ಪಂಚಮವೂ ಇಳಿಯುತ್ತದೆ.
– ಸಂಗೀತ ಶಿಕ್ಷಕಿ, ಜಯನಗರ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಸ್ವರ ಸಾಯಲು ಕಾರಣ ಫ್ರೆಟ್‌ಬೋರ್ಡ್‌ನ ಉಬ್ಬು. 7.25 ಇಂಚು ರೇಡಿಯಸ್‌ನ ಬೋರ್ಡ್ ಹೆಚ್ಚು ಉಬ್ಬಿರುತ್ತದೆ. ಅಂಚಿನ ತಂತಿಯನ್ನು ನಡುವಿಗೆ ಎಳೆದಾಗ ಅದು ಆ ಉಬ್ಬು ಹತ್ತಬೇಕು, ಮುಂದಿನ ಫ್ರೆಟ್‌ಗೆ ತಗುಲಿ ನಿಲ್ಲುತ್ತದೆ. ಸಣ್ಣ ಇ ಮತ್ತು ಬಿ ತಂತಿಗಳ ಸ್ಯಾಡಲ್ ಏರಿಸಿ 12ನೇ ಫ್ರೆಟ್ ಮೇಲೆ 2 ಮಿ.ಮೀ. ಮಾಡಿಕೊಳ್ಳಿ. ಮುಂದೆ ನೆಕ್ ಕೊಳ್ಳುವಾಗ 12 ಇಂಚು ಅಥವಾ ಹೆಚ್ಚಿನ ರೇಡಿಯಸ್, ಎತ್ತರದ ಜಂಬೊ ಫ್ರೆಟ್ ಕೇಳಿ. ಗಿಡ್ಡ ಫ್ರೆಟ್‌ನಲ್ಲಿ ಬೆರಳು ಮರಕ್ಕೆ ಉಜ್ಜುತ್ತದೆ, ತಂತಿ ಹಿಡಿತಕ್ಕೆ ಸಿಗುವುದಿಲ್ಲ.

ಇಳಿಯುವುದಕ್ಕೆ ಕಾರಣ ತೇಲುವ ಟ್ರೆಮೊಲೊ ಬ್ರಿಜ್, ಅಂದರೆ ಸ್ಪ್ರಿಂಗ್‌ಗಳ ಬಲದ ಮೇಲೆ ನಿಂತು ಹಿಂದೆ ಮುಂದೆ ಆಡುವ ಬ್ರಿಜ್. ಒಂದು ತಂತಿ ಎಳೆದರೆ ಬ್ರಿಜ್ ಮುಂದಕ್ಕೆ ವಾಲಿ ಮಿಕ್ಕ ಐದೂ ಸಡಿಲವಾಗುತ್ತವೆ. ಹಿಂಬದಿಯ ಮುಚ್ಚಳ ತೆಗೆದು, ಮೂರರ ಬದಲು ಐದು ಸ್ಪ್ರಿಂಗ್ ಹಾಕಿ, ಸ್ಪ್ರಿಂಗ್ ಹಿಡಿಯುವ ಕೊಂಡಿಯ ಎರಡು ಸ್ಕ್ರೂಗಳನ್ನು ಬ್ರಿಜ್ ಬಾಡಿಗೆ ಗಟ್ಟಿಯಾಗಿ ಒರಗುವಷ್ಟು ಬಿಗಿಯಿರಿ. ಷಡ್ಜಕ್ಕೆಂದು ಶ್ರುತಿ ಇಳಿಸಿಕೊಂಡಿದ್ದರೆ 9ರ ತೆಳು ತಂತಿ ಸೆಟ್ ಬಿಟ್ಟು ಸ್ವಲ್ಪ ದಪ್ಪದ 10–46 ಸೆಟ್ ಹಾಕಿ, ನೆಕ್‌ನ ಬಾಗಿನಿಂದ ಶುರುಮಾಡಿ ಸೆಟಪ್ ಪೂರ್ತಿ ಮತ್ತೆ ಮಾಡಿ.

ಪ್ರಶ್ನೆ: ಮಾರ್ಚ್ ಬಂದರೆ ನೆಕ್ ಅಂಚಿನಲ್ಲಿ ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವೆ. ಮಳೆಗಾಲದಲ್ಲಿ ಹೀಗಿರಲಿಲ್ಲ.
– ಓದುಗರು, ಕೆಂಗೇರಿ

ಉತ್ತರ: ಒಣಹವೆಗೆ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. ಅಂಚಿಗೆ ಟೇಪ್ ಹಚ್ಚಿ, ಸಣ್ಣ ಹಲ್ಲಿನ ಅರವನ್ನು ಮೊದಲು ನೆಕ್ ಅಂಚಿಗೆ ಸಮನಾಗಿ, ಆಮೇಲೆ ಓರೆಯಾಗಿ ಆಡಿಸಿ ತುದಿಗಳನ್ನು ಮೊಂಡು ಮಾಡಿ. ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ. ಮಳೆಗಾಲದಲ್ಲಿ ಮಾಡಿದರೆ ಮುಂದಿನ ಮಾರ್ಚ್‌ಗೆ ತುದಿಗಳು ಮತ್ತೆ ಹೊರಬರುತ್ತವೆ. ಅದೇ ದಿನ ನೆಕ್‌ನ ಬಾಗನ್ನೂ ಅಳೆಯಿರಿ. ಹವೆ ಬದಲಾದಾಗ ಅದೂ ಬದಲಾಗಿರುತ್ತದೆ, ಟ್ರಸ್ ರಾಡ್‌ಗೆ ಕಾಲು ಸುತ್ತು ಬೇಕಾಗಬಹುದು.